ಪುಂಡಲೀಕನ ಗಂಧಕ ತ್ಯಾಗ

ಅಂಬೇವಾಡಿಯ ಪುಂಡಲೀಕನಿಗೆ ‘ಗೊತ್ತಿಲ್ಲ’ ಎಂಬ ಒಂದು ಮಾತು ಬಿಟ್ಟು ಉಳಿದ ಎಲ್ಲ ಮಾತೂ ಬರುತ್ತಿತ್ತು. ಕಾಗದ ಗಿರಣಿಯ ಪ್ಯಾಕಿಂಗ್ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಬಂಡಲುಗಳಿಗೆ ಪಟ್ಟಿ ಬಿಗಿಯುತ್ತಿದ್ದವನು ಅವನು. ಆದರೆ ಗಿರಣಿಯಲ್ಲಿ ರಸಾಯನ ಪದಾರ್ಥಗಳಿರುತ್ತವೆ, ಅದೇ ಗಿರಣಿಯಲ್ಲಿ ತಾನೂ ಇದ್ದೇನೆ, ಆದ್ದರಿಂದ ರಸಾಯನಶಾಸ್ತ್ರ ತನಗೆ ಬರುತ್ತದೆ ಎಂದು ಅವನ ತರ್ಕ. ಓಣಿಯಲ್ಲಿ ಯಾರ ಮನೆಯ ಹಿತ್ತಾಳೆ ಚರಿಗೆ ಕಪ್ಪಾದರೂ ಅವನಿಗೆ ಕರೆ ಹೋಗುತ್ತಿತ್ತು. ಅವನು ಚರಿಗೆಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿ, “ಇದು ಕೆಮಿಕಲ್ ರಿಯಾಕ್ಷನ್” ಎಂದು ಹೇಳಿ, ಚಹಾ ಕುಡಿದು ಬರುತ್ತಿದ್ದ. ಚರಿಗೆ ಕಪ್ಪಾಗಿಯೇ ಇರುತ್ತಿತ್ತು.

ಇಂಥವನಿಗೆ ಒಂದು ಸೋಮವಾರ ಹೊಟ್ಟೆ ಕೆಟ್ಟಿತು. ಡಾಕ್ಟರ ಹತ್ತಿರ ಹೋಗುವುದು ತಿಳಿಯದವರ ಕೆಲಸ ಎಂದು ಭಾವಿಸಿದ್ದ ಪುಂಡಲೀಕ, ಮನೆಯಲ್ಲಿ ಹಳೆಯ ಮಾತ್ರೆಗಳನ್ನು ಕೂಡಿಟ್ಟಿದ್ದ ಬಿಸ್ಕಿಟ್ ಡಬ್ಬಿ ತೆಗೆದು, ನೋಡಲು ಗಂಭೀರವಾಗಿ ಕಂಡ ಒಂದು ದೊಡ್ಡ ಬಿಳಿ ಮಾತ್ರೆಯನ್ನು ಆರಿಸಿ ನುಂಗಿದ. ಹೊಟ್ಟೆ ಸರಿಯಾಯಿತು. ಆದರೆ ಸಂಜೆಯ ಹೊತ್ತಿಗೆ ತುಟಿ ಎರಡೂ ಊದಿ, ಮೈತುಂಬ ಕೆಂಪು ದದ್ದು ಎದ್ದಿತು. ಹೆಂಡತಿ ಮಧುಮತಿ ಅವನನ್ನು ಆಟೋದಲ್ಲಿ ಹಾಕಿಕೊಂಡು ಡಾಕ್ಟರ್ ಉದಯಕುಮಾರರ ದವಾಖಾನೆಗೆ ಓಡಿದಳು.

ಡಾಕ್ಟರು ಸೂಜಿ ಮಾಡಿ, ಮಧುಮತಿ ಜೊತೆಗೆ ತಂದಿದ್ದ ಉಳಿದ ಮಾತ್ರೆಗಳ ಪಟ್ಟಿಯನ್ನು ತಿರುಗಿಸಿ ನೋಡಿದರು. “ಇದರಾಗ ಸಲ್ಫಾ ಐತ್ರಿ. ನಿಮ್ಮ ಮೈಗೆ ಇದು ಆಗಿ ಬರೂದಿಲ್ಲ. ಇನ್ನ ಮ್ಯಾಲೆ ಸಲ್ಫಾ ಯಾವತ್ತೂ ಬ್ಯಾಡ. ಜೀವಕ್ಕ ಅಪಾಯ ಆದೀತು. ಸಲ್ಫಾ ಅಂದ್ರ ಏನಂತ ತಿಳೀತಲ್ಲ?”

ಇಲ್ಲಿ ಪುಂಡಲೀಕ ಬಾಯಿ ಬಿಟ್ಟು ಒಂದು ಪ್ರಶ್ನೆ ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನು ಊದಿದ ತುಟಿಯಲ್ಲಿಯೇ ನಕ್ಕ. “ಏನ್ ಡಾಕ್ಟರ, ಇಪ್ಪತ್ತೆರಡು ವರ್ಷ ಗಿರಣಿಯೊಳಗ ಅದೇನಿ. ನನಗ ಸಲ್ಫಾ ತಿಳೀದಿಲ್ಲೇನ್ರಿ?”

“ಹಂಗಾದ್ರ ಚಲೋ ಆತು” ಎಂದ ಡಾಕ್ಟರು ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ‘ಸಲ್ಫಾ ಬೇಡ’ ಎಂದು ಬರೆದು ಮುಂದಿನ ಪೇಷಂಟನ್ನು ಕರೆದರು.

ಪುಂಡಲೀಕ ದಾರಿಯಲ್ಲಿಯೇ ಲೆಕ್ಕ ಹಾಕಿದ. ಸಲ್ಫಾ ಅಂದರೆ ಸಲ್ಫರ್. ಸಲ್ಫರ್ ಅಂದರೆ ಗಂಧಕ. ಮನೆಗೆ ಬಂದವನೇ ಮೊಬೈಲು ಹಿಡಿದು ಕೂತು, ಗಂಧಕ ಕಡಿಮೆ ಇರುವ ಊಟ ಯಾವುದೆಂದು ಹುಡುಕಿದ. ಹುಡುಕಿದವರಿಗೆ ಮೊಬೈಲು ಇಲ್ಲ ಎನ್ನುವುದಿಲ್ಲ. ಉದ್ದನೆಯ ಪಟ್ಟಿಯೇ ಸಿಕ್ಕಿತು. ಅವನು ಅದನ್ನು ಕನ್ನಡಕ್ಕಿಳಿಸಿ, ದಪ್ಪ ಅಕ್ಷರಗಳಲ್ಲಿ ಬರೆದು, ಅಡಿಗೆಮನೆಯ ಗೋಡೆಗೆ ಅಂಟಿಸಿ, ಹೆಂಡತಿಯನ್ನೂ ಮಗಳು ದ್ರಾಕ್ಷಾಯಣಿಯನ್ನೂ ಎದುರು ನಿಲ್ಲಿಸಿಕೊಂಡು ಓದಿದ.

“ಬಿಡಬೇಕಾದ್ದು: ಉಳ್ಳಾಗಡ್ಡಿ. ಬಳ್ಳೊಳ್ಳಿ. ಸಾಸಿವಿ. ಮೂಲಂಗಿ. ಕೋಬಿ, ಹೂಕೋಸು. ತತ್ತಿ. ಮೀನ. ಮಟನ್. ಬ್ಯಾಳಿ ಕಾಳು. ಶೇಂಗಾ. ಒಣ ದ್ರಾಕ್ಷಿ.”

“ಮತ್ತ ತಿನಬೇಕಾದ್ದ?” ಎಂದಳು ಮಧುಮತಿ.

“ಸವತಿಕಾಯಿ. ಕುಂಬಳಕಾಯಿ. ಅನ್ನ. ಬಾಳಿಹಣ್ಣ.” ಅವನು ಮೊಬೈಲನ್ನು ಇನ್ನೊಮ್ಮೆ ತಡಕಿ ನೋಡಿದ. “ಇಷ್ಟ.”

ಮಧುಮತಿ ಬೆಳಗಾವಿ ಕಡೆಯ ಹೆಣ್ಣುಮಗಳು. ಬಳ್ಳೊಳ್ಳಿ ಜಜ್ಜದೆ ಅವಳ ಮನೆಯಲ್ಲಿ ಒಂದು ದಿನ ಬೆಳಗಾದದ್ದಿಲ್ಲ. ಅವಳು ಪಟ್ಟಿಯನ್ನು ನೋಡಿದಳು, ಗಂಡನ ತುಟಿಯನ್ನು ನೋಡಿದಳು. “ತಿಂದ್ರ ಏನಾಕ್ಕೇತಿ?”

“ಜೀವಕ್ಕ ಅಪಾಯ ಅಂದಾರ.”

ಅವಳು ಮೂಲೆಯಲ್ಲಿ ನೇತುಹಾಕಿದ್ದ ಬಳ್ಳೊಳ್ಳಿಯ ಗೊಂಚಲನ್ನು ಇಳಿಸಿ, ಉಳ್ಳಾಗಡ್ಡಿಯ ಬುಟ್ಟಿಯೊಂದಿಗೆ ಪಕ್ಕದ ಮನೆಯ ಗುರುಬಸವ್ವನಿಗೆ ಕೊಟ್ಟು ಬರಲು ಹೋದಳು.

ಗುರುಬಸವ್ವ ಒಳ್ಳೆಯ ಹೆಂಗಸು. ಒಂದು ಕಿವಿ ಮಾತ್ರ ಸ್ವಲ್ಪ ಮಂದ. ಅವತ್ತು ಮಧುಮತಿ ಆ ಕಿವಿಯ ಕಡೆಗೇ ನಿಂತಿದ್ದಳು.

“ಯಾಕ ತಂಗಿ, ಇಷ್ಟೊಂದು ಬಳ್ಳೊಳ್ಳಿ ಕೊಡಾಕತ್ತಿ?”

“ನಮ್ಮವರು ಬಿಟ್ಟಾರಕ್ಕಾ. ಗಂಧಕ ಅಂತ.”

ಗುರುಬಸವ್ವನಿಗೆ ಕೇಳಿಸಿದ್ದು ‘ಗಂಧಕ್ಕ ಅಂತ’ ಎಂದು. ಹಣೆಯ ಮೇಲಿನ ಗಂಧಕ್ಕೋಸ್ಕರ, ದೇವರ ಗಂಧಕ್ಕೋಸ್ಕರ ಒಬ್ಬ ಗಂಡಸು ಉಳ್ಳಾಗಡ್ಡಿ ಬಳ್ಳೊಳ್ಳಿ ಬಿಟ್ಟಿದ್ದಾನೆ! ಅವಳ ಕೈಗಳು ತಾವಾಗಿ ಜೋಡಿಕೊಂಡವು. “ತತ್ತಿ?”

“ಅದೂ ಬಿಟ್ಟಾರ. ಮಟನ್ನೂ.”

“ಎಂಥಾ ಪುಣ್ಯಾತ್ಮರವ್ವಾ!” ಎಂದಳು ಗುರುಬಸವ್ವ. ಗಂಡನ ಕಾಯಿಲೆಯಲ್ಲಿ ಪುಣ್ಯ ಎಲ್ಲಿಂದ ಬಂತೆಂದು ಮಧುಮತಿಗೆ ಅರ್ಥವಾಗಲಿಲ್ಲ. ಆದರೆ ಅವಳ ಕಣ್ಣಲ್ಲಿ ನೀರಿತ್ತು. ಅದನ್ನು ನೋಡಿ ಗುರುಬಸವ್ವನ ಭಕ್ತಿ ಇನ್ನೂ ಹೆಚ್ಚಾಯಿತು.

ಮರುದಿನ ನಲ್ಲಿಯ ಹತ್ತಿರ ಸುದ್ದಿ ಒಂದು ಕೊಡದಿಂದ ಇನ್ನೊಂದು ಕೊಡಕ್ಕೆ ತುಂಬಿಕೊಂಡು ಓಣಿಯ ಕೊನೆಯ ಮನೆಯವರೆಗೂ ಹೋಯಿತು.

ಇದೊಂದೂ ತಿಳಿಯದ ಪುಂಡಲೀಕ ಸಂತೆಗೆ ಹೋಗಿದ್ದ. ಹಳಿಯಾಳದ ಕಡೆಯಿಂದ ಕಾಯಿಪಲ್ಲೆ ತರುವ ಕಮಲಿಬಾಯಿಯ ಎದುರು ಕೂತು, ಒಂದು ಸವತಿಕಾಯಿಯನ್ನು ಮೂಸಿ ನೋಡಿ ಕೇಳಿದ: “ಇದರಾಗ ಗಂಧಕ ಎಷ್ಟ್ ಐತಿ?”

“ಗಂಧದ ಅಂಗಡಿ ಆ ಸಾಲಿನ್ಯಾಗ ಐತ್ರಿ ಅಣ್ಣಾ.”

“ಗಂಧ ಅಲ್ಲವಾ, ಗಂಧಕ! ಸವತಿಕಾಯಾಗ ಇರೂ ಗಂಧಕ.”

ಕಮಲಿಬಾಯಿ ತಕ್ಕಡಿ ಕೆಳಗಿಟ್ಟಳು. “ನಮ್ಮ ಹಿತ್ತಲದ ಕಾಯಿರೀ ಇವು. ಒಂದ ಹನಿ ಔಷಧ ಹೊಡದಿಲ್ಲ. ನನ್ನ ಮಕ್ಕಳ ಆಣಿ. ಬ್ಯಾಡಾದ್ರ ಬಿಡ್ರಿ, ಅಪವಾದ ಹಾಕಬ್ಯಾಡ್ರಿ.” ಸುತ್ತ ನಾಲ್ಕು ಜನ ನಿಂತರು. ಪುಂಡಲೀಕ ಆ ಬುಟ್ಟಿಯಲ್ಲಿದ್ದ ಅಷ್ಟೂ ಸವತಿಕಾಯಿ ಕೊಂಡು ಸಮಾಧಾನ ಮಾಡಿ ಬರಬೇಕಾಯಿತು. ಮೂರು ದಿನ ಮನೆಯಲ್ಲಿ ಸವತಿಕಾಯಿಯ ಪಲ್ಯ, ಸವತಿಕಾಯಿಯ ಸಾರು, ಸವತಿಕಾಯಿಯ ದೋಸೆ. ಒಗ್ಗರಣೆಗೆ ಸಾಸಿವೆಯಿಲ್ಲ. ಮಧುಮತಿ ಜೀರಿಗೆ ಹಾಕಿದಳು, ಕರಿಬೇವು ಹಾಕಿದಳು, ಹುಣಸೆಹುಳಿ, ಕಾಯಿತುರಿ, ಹಸಿಮೆಣಸು ಹಾಕಿ ಏನೇನೋ ಮಾಡಿದಳು. ಗಂಡನ ಎದುರು ರುಚಿಯಾದ ಊಟ ಮಾಡಲು ಮನಸ್ಸಾಗದೆ ತಾನೂ ಅದನ್ನೇ ಉಂಡಳು.

ಎರಡು ವಾರದಲ್ಲಿ ಪುಂಡಲೀಕ ಐದು ಕಿಲೋ ಇಳಿದ. ಕೆನ್ನೆ ಒಳಗೆ ಹೋಗಿ ಕಣ್ಣು ಹೊಳೆಯತೊಡಗಿದವು. ಹಸಿದವನ ಕಣ್ಣು ಹೊಳೆಯುವುದು ಸಹಜ. ಅಂಬೇವಾಡಿಯ ಜನ ಅದನ್ನು ತೇಜಸ್ಸು ಎಂದರು. ಯಾರದೋ ಮನೆಯ ಹುಟ್ಟುಹಬ್ಬದಲ್ಲಿ ಬಿಸಿ ಉಳ್ಳಾಗಡ್ಡಿ ಭಜಿಯ ತಾಟು ಎದುರು ಬಂದಾಗ ಅವನು ಕೈ ಚಾಚಿ, ಚಾಚಿದ ಕೈಯನ್ನು ಹಿಂದೆ ಎಳೆದುಕೊಂಡು, ನಿಟ್ಟುಸಿರಿನೊಂದಿಗೆ “ಬಿಟ್ಟೇನ್ರಿ” ಎಂದ. ಭಜಿ ಬಾಯಿಗಿಟ್ಟಿದ್ದವರು ನಾಚಿ ಅಗಿಯುವುದನ್ನು ನಿಲ್ಲಿಸಿದರು.

ಭಜನಾ ಮಂಡಳಿಯ ಹಿರಿಯ ಮಹಾಬಳೇಶ್ವರ ಅಲ್ಲಿಯೇ ಇದ್ದರು. ಕರಾವಳಿಯಿಂದ ಬಂದು ಇಲ್ಲಿ ನೆಲೆಸಿದವರು. ಹತ್ತಿರ ಬಂದು ಮೆಲ್ಲಗೆ ಕೇಳಿದರು: “ಎಷ್ಟು ದಿನದ ಸಂಕಲ್ಪ ಪುಂಡಲೀಕರೇ?”

“ದಿನದ ಲೆಕ್ಕ ಇಲ್ರಿ. ಜೀವ ಇರೂತನಕ.”

ಮಹಾಬಳೇಶ್ವರ ಕಣ್ಣು ಮುಚ್ಚಿ ಕೈ ಮುಗಿದರು.

ಪುಂಡಲೀಕ ಸುಳ್ಳು ಹೇಳಿದನೇ? ಇಲ್ಲ. ಕೇಳಿದ್ದಕ್ಕೆಲ್ಲ ನಿಜವನ್ನೇ ಹೇಳಿದ. ಆದರೆ ಹಿಂದೆ ಚರಿಗೆ ತೋರಿಸುತ್ತಿದ್ದವರು ಈಗ ಕೂಸನ್ನು ತಂದು ಅವನ ತೊಡೆಯ ಮೇಲೆ ಮಲಗಿಸಿ “ತಲಿಮ್ಯಾಲೆ ಕೈ ಇಡ್ರಿ” ಎಂದಾಗ, ತಾನೇಕೆ ಕೈ ಇಡಬೇಕೆಂದು ಅವನು ಕೇಳಲಿಲ್ಲ. ಇಟ್ಟ. ಗಿರಣಿಯಲ್ಲಿ ಪಟ್ಟಿ ಬಿಗಿದ ಕೈಗೆ ಇಪ್ಪತ್ತೆರಡು ವರ್ಷದಲ್ಲಿ ಯಾರೂ ಕೊಡದಿದ್ದ ಮರ್ಯಾದೆ ಅದು. ಬೇಡವೆನ್ನಲು ಅವನಿಗೆ ಧೈರ್ಯವಾಗಲಿಲ್ಲ.

ಇಷ್ಟರಲ್ಲಿ ಮುಂಡಗೋಡ ತಾಲೂಕಿನ ಪಾಳಾದಿಂದ ಬೀಗರ ಫೋನು ಬಂತು. ದ್ರಾಕ್ಷಾಯಣಿಯನ್ನು ಅಲ್ಲಿಯ ರೈತ ಮುದಕಪ್ಪನ ಮಗ ದುಂಡೇಶನಿಗೆ ಕೊಡುವ ಮಾತಾಗಿತ್ತು. ಹುಡುಗ ಲೈನ್‌ಮನ್. ಹುಡುಗ ಹುಡುಗಿ ಒಬ್ಬರಿಗೊಬ್ಬರು ಒಪ್ಪಿದ್ದರು. ನಿಶ್ಚಯದ ದಿನವೊಂದು ಗೊತ್ತಾಗಬೇಕಿತ್ತು. ಮುದಕಪ್ಪ ಫೋನು ಮಾಡಿದಾಗ ಪುಂಡಲೀಕ ಗಿರಣಿಯ ಗೇಟಿನ ಹೊರಗೆ ಲಾರಿಗಳ ಸಾಲಿನ ಪಕ್ಕದಲ್ಲಿ ನಿಂತಿದ್ದ.

“ಆರಾಮ ಅದೀರಿ ಬೀಗರ?”

“ಈಗ ಆರಾಮ್ರಿ. ಮೊನ್ನಿ ಭಾಳ ತ್ರಾಸ ಆಗಿತ್ತು. ಹೊಟ್ಯಾಗ ಗಂಧಕ ಹೋಗಿತ್ತು.”

ಮುದಕಪ್ಪ ಆಗತಾನೆ ಹಿತ್ತಲ ಮೆಣಸಿನಗಿಡಗಳಿಗೆ ಗಂಧಕದ ಪುಡಿ ಹೊಡೆದು, ಕೈ ತೊಳೆದು ಬಂದು ಕೂತಿದ್ದ. “ಹೊಟ್ಯಾಗ? ಹೊಟ್ಯಾಗ ಹೆಂಗ ಹೋತ್ರಿ?”

“ನಾನ ನುಂಗಿದ್ನಿರಿ. ಡಾಕ್ಟರ ಉಳಿಸಿದ್ರು ಅನ್ರಿ. ತುಟಿ ಎಲ್ಲಾ ಊದಿ—” ಎನ್ನುವಷ್ಟರಲ್ಲಿ ಲಾರಿಯೊಂದು ಹಾರ್ನು ಬಾರಿಸಿತು. ಫೋನು ಕಟ್ಟಾಯಿತು.

ಮುದಕಪ್ಪ ಮತ್ತೆ ಹಚ್ಚಿದ, ಫೋನು ಹತ್ತಲಿಲ್ಲ. ಆಮೇಲೆ ಹೆಂಡತಿ ಗೋದುಬಾಯಿಯನ್ನು ಕರೆದು ಹೇಳಿದ: “ಬೀಗರು ಬೆಳಿಗೆ ಹೊಡಿಯೂ ಔಷಧ ಕುಡದಾರ.”

“ಅಯ್ಯ ಯವ್ವಾ! ಯಾಕಂತ?”

“ಯಾಕಂತ ನಾ ಹೆಂಗ ಕೇಳ್ಲಿ? ಮಗಳ ಮದುವಿ ಮುಂದಿಟ್ಟಕೊಂಡು ಮನಷ್ಯಾ ಹಿಂಗ ಮಾಡ್ಯಾನಂದ್ರ ಒಳಗ ಏನೋ ದೊಡ್ಡ ಸಂಕಟ ಇರಬೇಕು.”

ಬೇರೆ ಬೀಗರಾಗಿದ್ದರೆ ಸಂಬಂಧ ಮುರಿದು ಸುಮ್ಮನಾಗುತ್ತಿದ್ದರೇನೋ. ನೆರೆಯವರು ಹಾಗೆಯೇ ಮಾಡಿರೆಂದು ಬುದ್ಧಿ ಹೇಳಿದರು ಕೂಡ. ಮುದಕಪ್ಪ ಎರಡು ದಿನ ಯೋಚಿಸಿದ. ಗೋದುಬಾಯಿ ಯೋಚಿಸಲಿಲ್ಲ. “ಮೊದಲ ಹೋಗಿ ಮನಷ್ಯಾನ್ನ ನೋಡೂಣು ನಡೀರಿ. ಮುರಿಯೂದು ಬಂದಮ್ಯಾಲೂ ಮುರಿಬಹುದು” ಎಂದು ಎಳನೀರು, ನಿಂಬೆಹಣ್ಣು, ಊರ ದೇವಿಯ ಗುಡಿಯ ಅಂಗಾರದ ಬೂದಿಯನ್ನು ಚೀಲಕ್ಕೆ ತುಂಬಿದಳು.

ಅವರು ಹೊರಟ ಭಾನುವಾರವೇ ಭಜನಾ ಮಂಡಳಿ ಪುಂಡಲೀಕನ ಮನೆಯಲ್ಲಿಯೇ ಅವನಿಗೊಂದು ಸಣ್ಣ ಸನ್ಮಾನ ಇಟ್ಟುಕೊಂಡಿತ್ತು. ಅವನು ಎರಡು ಸಲ ಬೇಡವೆಂದ, ಮೂರನೆಯ ಸಲಕ್ಕೆ ಬಿಳಿ ಅಂಗಿಯನ್ನು ಇಸ್ತ್ರಿಗೆ ಕೊಟ್ಟ.

ಮುದಕಪ್ಪ ಗೋದುಬಾಯಿ ಎರಡು ಕಡೆ ಬಸ್ಸು ಬದಲಿಸಿ ಅಂಬೇವಾಡಿಯ ಓಣಿಗೆ ಬಂದಾಗ ಮಧ್ಯಾಹ್ನವಾಗಿತ್ತು. ಬೀಗರ ಮನೆಯ ಮುಂದೆ ಚಪ್ಪಲಿಗಳ ರಾಶಿ. ಒಳಗಿನಿಂದ ತಾಳದ ಸದ್ದು, ನಿಧಾನವಾದ ಭಜನೆ. ಊದುಬತ್ತಿಯ ಹೊಗೆ ಬಾಗಿಲಿನಿಂದ ಹೊರಗೆ ಬರುತ್ತಿತ್ತು. ಒಬ್ಬ ಹೂವಿನ ಹಾರ ಹಿಡಿದುಕೊಂಡು ತಲೆ ತಗ್ಗಿಸಿ ಒಳಗೆ ಹೋದ.

ಗೋದುಬಾಯಿಯ ಕೈಯಿಂದ ಚೀಲ ಬಿತ್ತು. “ಹೋದ್ರಲ್ಲೋ ಬೀಗರಾ!” ಎಂದು ಅವಳು ಎದೆ ಬಡಿದುಕೊಂಡ ಹೊಡೆತಕ್ಕೆ ತಾಳ ನಿಂತಿತು. ಎಳನೀರು ಉರುಳಿಕೊಂಡು ಗಟಾರಕ್ಕೆ ಹೋದವು. “ಕೂಸಿನ ನಿಶ್ಚಯನೂ ನೋಡದ ಹೋದ್ರಲ್ಲೋ! ಏನ ಸಂಕಟ ಇತ್ತೋ, ನಮಗೊಂದ ಮಾತ ಹೇಳಬಾರದಿತ್ತೇನೋ!”

ಅಳುತ್ತಲೇ ಜನರನ್ನು ಸರಿಸಿಕೊಂಡು ಒಳಗೆ ನುಗ್ಗಿದಳು. ಎದುರಿಗೆ, ಕುರ್ಚಿಯ ಮೇಲೆ, ಬಿಳಿ ಅಂಗಿ ತೊಟ್ಟು, ಕೊರಳಿಗೆ ಹಾರ ಹಾಕಿಕೊಂಡು, ಕೆನ್ನೆ ಒಳಗೆ ಹೋದ ಪುಂಡಲೀಕ ನೆಟ್ಟಗೆ ಕೂತಿದ್ದ.

“ಬರ್ರಿ ಬೀಗತ್ಯಾರ” ಎಂದು ಅವನು ಎದ್ದು ನಿಂತ.

ಗೋದುಬಾಯಿ ಹಾಕಿದ ಚೀರಾಟಕ್ಕೆ ಮಂಡಳಿಯ ತಬಲಾದವನು ತಬಲಾ ಬಿಟ್ಟು ಹೊರಗೆ ಹಾರಿದ.

ಅವಳಿಗೆ ನೀರು ಕುಡಿಸಿ, ಗಾಳಿ ಹಾಕಿ, ಪುಂಡಲೀಕನ ಕೈ ಬೆಚ್ಚಗಿದೆಯೆಂದು ಮುಟ್ಟಿಸಿ ತೋರಿಸುವಷ್ಟರಲ್ಲಿ ಅರ್ಧ ತಾಸಾಯಿತು. ಆಮೇಲೆ ಮುದಕಪ್ಪ ಎಲ್ಲರೆದುರೇ ನೇರವಾಗಿ ಕೇಳಿದ: “ಖರೇ ಹೇಳ್ರಿ ಬೀಗರ. ಎಣ್ಣಿ ಯಾಕ ಕುಡದ್ರಿ?”

ಬೆಳೆಗೆ ಹೊಡೆಯುವ ಔಷಧಕ್ಕೆ ಅವರ ಕಡೆ ಎಣ್ಣೆ ಎನ್ನುತ್ತಾರೆ. ಮಹಾಬಳೇಶ್ವರರಿಗೆ ಅದು ಗೊತ್ತಿರಲಿಲ್ಲ. ಅವರು ನೊಂದುಕೊಂಡು ನುಡಿದರು: “ಏನು ಮಾತಾಡ್ತೀರಿ ಮಾರಾಯ್ರೆ! ಎಣ್ಣೆ ಕುಡಿಯೋದೇ? ಅವರು ಈರುಳ್ಳಿಯನ್ನೇ ಮುಟ್ಟುವವರಲ್ಲ!”

“ಈರುಳ್ಳಿ ಬಿಟ್ಟು ಗಂಧಕ ತಿಂದಾರೇನು?” ಎಂದ ಮುದಕಪ್ಪ.

“ತಿಂದಿಲ್ರಿ, ಗಂಧಕ್ಕ ಅಂತ ಬಿಟ್ಟಾರ” ಎಂದು ಗುರುಬಸವ್ವ ತಿದ್ದಿದಳು.

“ಗಂಧಕ್ಕಲ್ಲಕ್ಕಾ, ಗಂಧಕ!” ಎಂದಳು ಮಧುಮತಿ.

“ಅದನ್ನ ನಾನೂ ಅನ್ನಾಕತ್ತೇನಿ. ಗಂಧಕ್ಕ!”

ಮುದಕಪ್ಪ ಉತ್ತರ ಹುಡುಕುತ್ತ ಅಡಿಗೆಮನೆಯ ಬಾಗಿಲಿಗೆ ಹೋದವನು ಗೋಡೆಯ ಪಟ್ಟಿಯನ್ನು ಕಂಡ. ಹೆಂಡತಿಗೆ ಓದಲು ಬರುವುದಿಲ್ಲವೆಂದು ಗಟ್ಟಿಯಾಗಿ ಓದತೊಡಗಿದ. “ಬಿಡಬೇಕಾದ್ದು. ಉಳ್ಳಾಗಡ್ಡಿ... ಬಳ್ಳೊಳ್ಳಿ... ತತ್ತಿ... ಮಟನ್...” ಅವನ ದನಿ ಸಣ್ಣದಾಯಿತು. ಬೀಗರ ಊಟದ ಚಿತ್ರವೊಂದು ಅವನ ಕಣ್ಣ ಮುಂದೆ ಬಂದು ಹೋಗಿರಬೇಕು. ಕೊನೆಯ ಸಾಲಿಗೆ ಸವತಿಕಾಯಿಯ ರಸ ಸಿಡಿದು ಮೊದಲ ಎರಡಕ್ಷರ ಅಳಿಸಿಹೋಗಿತ್ತು. “...ದ್ರಾಕ್ಷಿ.”

“ಮಗಳನ್ನೂ ಬಿಡತಾರ?” ಎಂದು ಗೋದುಬಾಯಿ ಕೂತಲ್ಲಿಂದ ಎದ್ದಳು. ಮನೆಯಲ್ಲಿ ದ್ರಾಕ್ಷಾಯಣಿಯನ್ನು ಎಲ್ಲರೂ ದ್ರಾಕ್ಷಿ ಎಂದೇ ಕರೆಯುತ್ತಿದ್ದರು.

ಆ ಹುಡುಗಿ ಅಷ್ಟು ಹೊತ್ತು ಮೂಲೆಯಲ್ಲಿ ನಿಂತು ತನ್ನ ಮದುವೆ ಕಣ್ಣೆದುರೇ ಮುರಿಯುವುದನ್ನು ನೋಡುತ್ತಿದ್ದಳು. ಈಗ ಅವಳು ಸೀದಾ ಬಂದು, ಅಪ್ಪನ ಜೇಬಿನಿಂದ ಡಾಕ್ಟರ ಚೀಟಿ ಎಳೆದು, ಅದರ ಮೇಲಿದ್ದ ನಂಬರಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು.

“ಡಾಕ್ಟರ, ನಮ್ಮಪ್ಪಗ ಉಳ್ಳಾಗಡ್ಡಿ ಬ್ಯಾಡ ಅಂತ ಹೇಳಿದ್ರೇನ್ರಿ?”

“ಯಾರ ಅಪ್ಪಗ?”

“ಪುಂಡಲೀಕ ಅಂತ್ರಿ. ಸಲ್ಫಾ.”

“ಹಾಂ, ಹಾಂ. ಮಾತ್ರಿ ಬ್ಯಾಡ ಅಂದಿದ್ನೆವಾ. ಸಲ್ಫಾ ಇರೂ ಮಾತ್ರಿ. ಉಳ್ಳಾಗಡ್ಡಿ ಏನ ಪಾಪ ಮಾಡಿತ್ತು?”

“ಗಂಧಕ ಇರತೈತಲ್ರಿ ಅದರಾಗ?” ಪುಂಡಲೀಕ ಹಾರದೊಳಗಿಂದಲೇ ಕೂಗಿದ.

“ಇದ್ರ ಇರಲಿ ಬಿಡ್ರಿ! ಅದು ಬ್ಯಾರೆ, ಇದು ಬ್ಯಾರೆ. ಹೆಸರಷ್ಟ ಒಂದ ನಮೂನಿ. ಆವತ್ತ ನಾ ಕೇಳಿದ್ನಲ್ಲ, ತಿಳೀತಿಲ್ಲೋ ಅಂತ?” ಆಮೇಲೆ ಸಂಶಯದ ದನಿ: “ಎಷ್ಟ ದಿನಾ ಆತು ನೀವು ಉಳ್ಳಾಗಡ್ಡಿ ಬಿಟ್ಟು?”

“ಇಪ್ಪತ್ತಾರು ದಿನಾ.”

ಡಾಕ್ಟರು ನಗು ತಡೆಯಲು ಫೋನು ದೂರ ಹಿಡಿದದ್ದು ಎಲ್ಲರಿಗೂ ಕೇಳಿಸಿತು.

ಪುಂಡಲೀಕ ಕೊರಳಿನ ಹಾರವನ್ನು ಮೆಲ್ಲಗೆ ತೆಗೆದು ಕುರ್ಚಿಯ ಮೇಲಿಟ್ಟ. ಇಪ್ಪತ್ತು ಜನರ ಕಣ್ಣು ತನ್ನ ಮೇಲಿವೆ. ಅವರಲ್ಲಿ ಇಬ್ಬರ ಕೂಸುಗಳ ತಲೆಯ ಮೇಲೆ ತಾನು ಕೈ ಇಟ್ಟಿದ್ದೇನೆ. “ನಂದ ತಪ್ಪಾತ್ರಿ” ಎಂದ. “ನಾ ದೊಡ್ಡ ಮನಷ್ಯಾ ಅಲ್ಲ. ಆವತ್ತು ಭಜಿ ನೋಡಿ ಬಾಯಾಗ ನೀರು ಬಂದಿತ್ತು. ನೀವು ಕೈ ಮುಗಿದ್ರಿ, ನಾ ಸುಮ್ಮಿದ್ದೆ.”

ಮೊದಲು ನಕ್ಕವನು ಮುದಕಪ್ಪ. ಅವನು ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಿನ ನೀರು ಒರೆಸಿಕೊಂಡು ನಕ್ಕ. ಆಮೇಲೆ ಓಣಿಗೆ ಓಣಿಯೇ ನಕ್ಕಿತು. ಹೊರಗೆ ಹಾರಿದ್ದ ತಬಲಾದವನು ಕಾರಣ ತಿಳಿಯದಿದ್ದರೂ ಕಿಟಕಿಯಲ್ಲಿ ನಿಂತು ನಕ್ಕ. “ಮುಂದಿನ ತಿಂಗಳ ನಿಶ್ಚಯ ಮಾಡಿಬಿಡೂಣು ಬೀಗರ” ಎಂದ ಮುದಕಪ್ಪ. “ಆದ್ರ ಬೀಗರ ಊಟದ ಯಾದಿ ನಾ ಬರಕೊಡ್ತೇನಿ. ನೀವು ಏನೂ ಬರಿಯೂದು ಬ್ಯಾಡ.”

ನಗದಿದ್ದವಳು ಮಧುಮತಿ ಒಬ್ಬಳೇ. ಅವಳು ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದಳು. ಗೋದುಬಾಯಿ ಹೋಗಿ ಪಕ್ಕದಲ್ಲಿ ಕೂತಳು.

“ಯಾಕ್ರೀ ಬೀಗತ್ಯಾರ? ಒಳ್ಳೇದ ಆತಲ್ಲ?”

“ಒಳ್ಳೇದ ಆತ್ರಿ. ಇವತ್ತ ತಪ್ಪಿ ಒಂದ ಸಾಸಿವಿ ಕಾಳು ಬಿದ್ರ ಇವರು ಉಳಿಯೂದಿಲ್ಲ ಅಂತ, ದಿನಾ ಗಂಗಾಳ ಮೂರ ಸಲ ತೊಳದೀನ್ರಿ. ಬಗ್ಗಿ ಬಗ್ಗಿ ನೋಡಿ ನೀಡೀನಿ.”

ಅದನ್ನು ಪುಂಡಲೀಕ ಕೇಳಿಸಿಕೊಂಡ. ಇಪ್ಪತ್ತಾರು ದಿನ ತಾನು ಉಂಡದ್ದನ್ನು ಯಾರು ಬೇಯಿಸಿದರು, ತನ್ನ ಎದುರು ಕೂತು ಅದೇ ಸಪ್ಪೆಯನ್ನು ಯಾರು ಉಂಡರು ಎಂದು ಅವನು ಒಮ್ಮೆಯೂ ನೋಡಿರಲಿಲ್ಲ. ಈಗ ನೋಡಿದ. ಅವಳ ಕೈಬಳೆಗಳು ಸಡಿಲಾಗಿ ಮಣಿಕಟ್ಟಿಗೆ ಇಳಿದಿದ್ದವು.

ಮಹಾಬಳೇಶ್ವರರು ಮಡಿಸಿದ ಶಾಲನ್ನು ಕೈಯಲ್ಲಿ ಹಿಡಿದು ಏನು ಮಾಡುವುದೆಂದು ತೋಚದೆ ನಿಂತಿದ್ದರು. ಮಂಡಳಿಯವರು ವರ್ಗಣಿ ಹಣ ಕೂಡಿಸಿ ತಂದ ಶಾಲು. ಅಂಗಡಿಯವನು ಹಿಂದೆ ತೆಗೆದುಕೊಳ್ಳುವುದಿಲ್ಲ. ಗೋದುಬಾಯಿ ಎದ್ದು, ಹೇಳದೆ ಕೇಳದೆ ಆ ಶಾಲನ್ನು ಅವರ ಕೈಯಿಂದ ತೆಗೆದುಕೊಂಡಳು. “ಬಿಟ್ಟವರಿಗೆ ಯಾಕ್ರಿ ಶಾಲು? ಬಳ್ಳೊಳ್ಳಿ ಇಲ್ದ, ಸಾಸಿವಿ ಇಲ್ದ, ಇಪ್ಪತ್ತಾರು ದಿನಾ ಅಡಗಿ ಮಾಡಿ ಉಣಿಸಿದವರಿಗೆ ಹಾಕ್ರಿ” ಎಂದು ಮಧುಮತಿಗೆ ಹೊದೆಸಿದಳು. ಗುರುಬಸವ್ವ ಕುರ್ಚಿಯ ಮೇಲಿದ್ದ ಹಾರ ತಂದಳು. ಚಪ್ಪಾಳೆ ಬಿತ್ತು. ಮಧುಮತಿ ಬೇಡ ಬೇಡವೆಂದರೂ ಹೆಂಗಸರೆಲ್ಲ ಕೂಡಿ ಅವಳನ್ನು ಆ ಕುರ್ಚಿಯಲ್ಲಿ ಕೂರಿಸಿದರು.

ಹೊತ್ತು ಮೀರಿತ್ತು. ದೂರದಿಂದ ಬಂದ ಬೀಗರು ಹಸಿದಿದ್ದರು. ಮಧುಮತಿ ಕಣ್ಣೊರೆಸಿಕೊಂಡು ಏಳಹೋದಳು. ಪುಂಡಲೀಕ ಅವಳ ಭುಜ ಹಿಡಿದು ಕೂರಿಸಿದ.

“ನೀ ಕೂಡು. ಇವತ್ತ ಝುಣಕಾ ನಾ ಮಾಡತೇನಿ.”

“ನಿಮಗ ಬರತೈತೇನ್ರಿ?”

“ಬರೂದಿಲ್ಲ. ನೀ ಅಲ್ಲಿಂದ ಹೇಳು, ನಾ ಇಲ್ಲಿಂದ ಹಾಕತೇನಿ.”

ಗುರುಬಸವ್ವ ಮನೆಗೆ ಓಡಿ ಉಳ್ಳಾಗಡ್ಡಿ, ಬಳ್ಳೊಳ್ಳಿ, ಸಾಸಿವೆ, ಕಡಲೆಹಿಟ್ಟು ತಂದಳು. ಮುದಕಪ್ಪ ಧೋತರ ಮೇಲೆ ಕಟ್ಟಿ ಉಳ್ಳಾಗಡ್ಡಿ ಹೆಚ್ಚಲು ಕೂತ. ಎಣ್ಣೆ ಕಾದಿತು, ಸಾಸಿವೆ ಚಟಪಟ ಸಿಡಿದು ಪುಂಡಲೀಕನ ಬಿಳಿ ಅಂಗಿಯ ಮೇಲೆಲ್ಲ ಬಿತ್ತು, ಜಜ್ಜಿದ ಬಳ್ಳೊಳ್ಳಿಯ ಘಮ ಮನೆಯನ್ನು ತುಂಬಿ ಕಿಟಕಿಯಿಂದ ಓಣಿಗಿಳಿಯಿತು. ಭಜನಾ ಮಂಡಳಿಯವರು ಯಾರೂ ಮನೆಗೆ ಹೋಗುವ ಮಾತೆತ್ತಲಿಲ್ಲ. ಒಳಗಿನಿಂದ ಪುಂಡಲೀಕ, “ಹಿಟ್ಟು ಈಗ ಹಾಕ್ಲ್ಯಾ?” ಎಂದು ಕೂಗುತ್ತಿದ್ದ. ಶಾಲು ಹೊದ್ದು ಕೂತ ಮಧುಮತಿ, “ತಡೀರಿ, ನೀರು ಕುದೀಲಿ” ಎನ್ನುತ್ತಿದ್ದಳು.

ಕೊನೆಗೆ ಅವನು ಚಮಚದಲ್ಲಿ ಒಂದಿಷ್ಟು ತಂದು, ಊದಿ ಆರಿಸಿ, ಎಲ್ಲರೂ ನೋಡುತ್ತಿರುವಾಗಲೇ ಅವಳ ಎದುರು ಹಿಡಿದ. ಅವಳು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಕೋಣೆ ತೀರ್ಪಿಗೆ ಕಾಯಿತು.

“ಉಪ್ಪು ಹಾಕೇ ಇಲ್ಲ” ಎಂದಳು ಮಧುಮತಿ, ಮತ್ತೊಂದು ಚಮಚಕ್ಕೆ ಬಾಯಿ ತೆರೆಯುತ್ತ.